ಎಲೆಯ ಬಟ್ಟಲು

ಡಿಸ್ಚಾರ್ಜ್ ಆಗುವವರು ಪೇಡಾ ಕೊಡುವುದು ವಾಡಿಕೆ.
ಒಂಬತ್ತನೇ ಬೆಡ್ಡಿನ ಜಾನಮ್ಮ ಕೊಟ್ಟದ್ದು
ಒಂದು ಕುಂಡ.
"ಬ್ರೊಮೀಲಿಯಾಡ್ ಅಂತೆ ಕಣ್ರೀ ಸಿಸ್ಟರ್," ಅಂದರು,
ಹೆಸರನ್ನು ಬಿಸಿ ಬೋಂಡಾದಂತೆ
ಬಾಯೊಳಗೆ ಅತ್ತಿತ್ತ ಹೊರಳಿಸುತ್ತ.

ನಾನು ಸಿಸ್ಟರ್ ಅಲ್ಲ, ನೆಲ ಒರೆಸುವವಳು.
ತಿದ್ದಲಿಲ್ಲ.
ರಾತ್ರಿ ಪಾಳಿ ಮುಗಿಸಿ, ಮೆಗ್ಗಾನ್ ಗೇಟು ದಾಟಿ
ಸಿಟಿ ಬಸ್ಸಿನಲ್ಲಿ ಅದಕ್ಕೆ ನನ್ನ ಮಡಿಲೇ ಸೀಟು.
ಕಂಡಕ್ಟರ್ ಒಮ್ಮೆ ನೋಡಿದ, ಟಿಕೆಟ್ ಕೇಳಲಿಲ್ಲ.
ನಡುವೆ ಕೆಂಪು, ಯಾರೋ ಕುಂಕುಮದ ಕೈ ಒರೆಸಿಬಿಟ್ಟ ಹಾಗೆ;
ಸುತ್ತ ಎಲೆಗಳು ಒಂದರೊಳಗೊಂದು ಕೂತು
ತಾವೇ ಒಂದು ಬಟ್ಟಲು ಕಟ್ಟಿಕೊಂಡಿದ್ದವು.
ಬ್ರೇಕು ಹಾಕಿದಾಗಲೆಲ್ಲ ಒಳಗಿನ ನೀರು ತುಳುಕಿ
ನನ್ನ ಮೊಣಕೈ ಒದ್ದೆ.

ಟ್ಯಾಂಕ್ ಮೊಹಲ್ಲಾದ ಒಂದೂವರೆ ರೂಮಿನಲ್ಲಿ
ಗೋಣಿ ಕಾಯುತ್ತಿದ್ದಳು.
ಗೋಣಿಚೀಲದಲ್ಲಿ ಸಿಕ್ಕ ಮರಿ, ಅದಕ್ಕೇ ಆ ಹೆಸರು.
ಚಪ್ಪಲಿ, ಬ್ರಶ್ಶು, ರೇಷನ್ ಕಾರ್ಡಿನ ಒಂದು ಮೂಲೆ,
ಹಲ್ಲಿಗೆ ಸಿಕ್ಕಿದ್ದೆಲ್ಲ ಅವಳಿಗೆ ಪ್ರಸಾದ.
ಮೂಗು ಕುಂಡಕ್ಕೆ ತಾಗುವ ಮೊದಲೇ
ನಾನದನ್ನು ಬೀರುವಿನ ತಲೆಗೇರಿಸಿದೆ.

ಇವಳಿಗೆ ಮುಂಚೆ ಜೀರಿಗೆ ಇದ್ದ.
ಓಣಿಯವರು ಕಣಗಿಲೆ ಗಿಡ ಸವರಿ
ಹೂವನ್ನು ಪೂಜೆಗೆ ಆರಿಸಿಕೊಂಡು
ರೆಂಬೆಯನ್ನು ಬೀದಿಗೆ ಒಟ್ಟಿದ್ದರು.
ಕಡ್ಡಿ ಕಂಡರೆ ಬಿಡುವ ಜಾತಿಯೇ ಅವನು?
ಸಂಜೆ ವಾಂತಿ. ರಾತ್ರಿ ಎದೆ
ಒಮ್ಮೆ ಓಡಿ, ಒಮ್ಮೆ ನಿಂತು, ಮತ್ತೆ ಓಡಿ.
ನರ್ಸುಗಳು ನಾಡಿ ಹಿಡಿಯುವುದನ್ನು ಸಾವಿರ ಸಲ ಕಂಡವಳು,
ಅವನ ಹಿಂಗಾಲ ಒಳಮೈಯಲ್ಲಿ ಬೆರಳಿಟ್ಟು
ಲೆಕ್ಕ ತಪ್ಪುತ್ತ ಕೂತೆ.
ಬೆಳಿಗ್ಗೆ ಯಾರದೋ ದೇವರ ಪಟಕ್ಕೆ
ಅದೇ ಹೂವು, ಎಷ್ಟು ಚೆಂದ ಕೆಂಪಗೆ.

ಪಶು ಆಸ್ಪತ್ರೆಯ ತಸ್ನೀಮ್ ಮೇಡಂ
ಕನ್ನಡಕ ಹಣೆಗೇರಿಸಿ ಕುಂಡವನ್ನೇ ಪರೀಕ್ಷೆ ಮಾಡಿದರು.
ಗೋಣಿ ಮೇಜಿನ ಕೆಳಗೆ ಅವಿತಿದ್ದಳು.
"ವಿಷ ಇಲ್ಲ. ಅನಾನಸ್ಸಿನ ನೆಂಟ ಇದು.
ಸಾಗರದ ಕಡೆ ಹೊಲದಲ್ಲಿ ನೋಡಿಲ್ವಾ, ಅದರದೇ ವಂಶ.
ಜಾಸ್ತಿ ಜಗಿದರೆ ಹೊಟ್ಟೆ ಕೆಡಬಹುದು, ಒಂದೆರಡು ಸಲ ಕಕ್ಕಬಹುದು.
ಕೆಲವಕ್ಕೆ ಎಲೆಯಂಚಲ್ಲಿ ಮುಳ್ಳಿರತ್ತೆ, ತುಟಿ ಗೀರಬಹುದು. ಅಷ್ಟೆ.
ನರ್ಸರಿಯಲ್ಲಿ ಏನು ಸಿಂಪಡಿಸಿದಾರೋ,
ಅದು ಗಿಡದ ತಪ್ಪಲ್ಲ. ತೊಳೀರಿ."

ಆ 'ಅಷ್ಟೆ'ಯನ್ನು ನಂಬಲು
ನನಗೆ ಹನ್ನೊಂದು ದಿನ ಹಿಡಿಯಿತು.
ಹೆಸರೇ ಹೊರಳದ ಊರಿಂದ ಬಂದದ್ದು ನಿರಪರಾಧಿ;
ನಮ್ಮ ಓಣಿಯದೇ ಹೂವು, ದಿನಾ ಬುಟ್ಟಿಗೆ ಬೀಳುವುದು...
ಹೋಗಲಿ.

ಹನ್ನೆರಡನೆಯ ದಿನ ಕುಂಡ ಇಳಿಸಿ
ತೊಳೆಯಲೆಂದು ಬಚ್ಚಲಲ್ಲಿ ಬಗ್ಗಿಸಿದೆ.
ನೀರಿನ ಜೊತೆ ಬಂದವು
ಅಲ್ಪವಿರಾಮದಂಥ ಹುಳ,
ಬಾಗಿ, ನೆಟ್ಟಗಾಗಿ, ಮತ್ತೆ ಬಾಗಿ.
ಸೊಳ್ಳೆಮರಿ.
ಡೆಂಗ್ಯೂ ವಾರ್ಡಿನ ಮಂಚಗಳ ಕೆಳಗೆ
ದಿನಕ್ಕೆರಡು ಸಲ ಫಿನಾಯಿಲ್ ಎಳೆಯುವವಳು
ಬೀರುವಿನ ಮೇಲೆ, ತಲೆದಿಂಬಿಗೆ ಸರಿಯಾಗಿ,
ನಾಯಿಗೆ ಎಟುಕದ ಹಾಗೆ
ಜೋಪಾನವಾಗಿ ಸಾಕಿದ್ದೆ.

ಮೂರು ಸಲ ತೊಳೆದೆ. ಎಲೆ ಎಲೆಯ ಸಂದಿಗೂ ಬಟ್ಟೆ ಇಳಿಸಿ ಒರೆಸಿದೆ.
ಆಮೇಲೆ ಬೆಳಗಿನ ನಲ್ಲಿಯ ತುಂಗೆ ನೀರು, ಒಂದೇ ಲೋಟ.
ವಾರಕ್ಕೆರಡು ಸಲ ಚೆಲ್ಲಬೇಕು,
ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ, ಹಾಲಿನ ಲೆಕ್ಕದ ಪಕ್ಕ.

ಗೋಣಿ ಬಂದಳು.
ಎಲೆ ಮೂಸಿದಳು. ಜಗಿಯಲಿಲ್ಲ.
ಅವಳ ಸ್ಟೀಲ್ ತಟ್ಟೆ ಪಕ್ಕದಲ್ಲೇ ತುಂಬಿದ್ದರೂ
ಈ ಬಟ್ಟಲಿಗೆ ನಾಲಿಗೆ ಇಳಿಸಿ
ಲೊಚಲೊಚ ಕುಡಿದಳು.

ನನ್ನ ಬೆರಳು ತಾನಾಗಿ
ಅವಳ ಹಿಂಗಾಲ ಒಳಮೈಗೆ ಹೋಯಿತು.
ಗಡಿಯಾರ ನೋಡಿದೆ.
ನೂರಾ ನಾಲ್ಕು.
ಇನ್ನೊಮ್ಮೆ ಎಣಿಸಿದೆ.